ಉಪ್ಪು ಬೆವರು, ಅಂಟು ಕಫ, ಬಗ್ಗದ ಬ್ಯಾಕ್ಟೀರಿಯ

ಹಣೆಗೆ ಮುತ್ತಿಟ್ಟಾಗ ತುಟಿಗೆ ಉಪ್ಪಿನ ರುಚಿ ಹತ್ತಿದರೆ ಆ ಮಗು ಹೆಚ್ಚು ಕಾಲ ಬದುಕುವುದಿಲ್ಲ. ಯೂರೋಪಿನ ಕೆಲವು ನಾಡುಗಳಲ್ಲಿ ಶತಮಾನಗಳ ಕಾಲ ಹೀಗೊಂದು ನಂಬಿಕೆ ಇತ್ತು. ಅಂಥ ಮಗುವಿಗೆ ಮಾಟ ತಗುಲಿದೆ ಎಂದು ಜನ ಹೆದರುತ್ತಿದ್ದರು. ಮಾಟದ ಮಾತು ಹುಸಿ. ಆದರೆ ಉಪ್ಪಿನ ಮಾತಿನಲ್ಲಿ ಹುರುಳಿತ್ತು. ಆ ಮಕ್ಕಳನ್ನು ಕಾಡುತ್ತಿದ್ದುದು ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆಯಾಗಿದ್ದಿರಬೇಕು ಎಂದು ಇಂದಿನ ವೈದ್ಯರು ಹೇಳುತ್ತಾರೆ.

ನಮ್ಮ ಆರೋಗ್ಯ ಮಾತುಕತೆಗೆ ಈ ವಿಷಯವನ್ನು ಆರಿಸಿಕೊಂಡಾಗ ಸಹೋದ್ಯೋಗಿಯೊಬ್ಬರು ಕೇಳಿದರು: "ನಮ್ಮಲ್ಲಿ ಹೆಸರೇ ಕೇಳದ ಕಾಯಿಲೆಗೆ ಅರ್ಧ ಗಂಟೆ ಏಕೆ?" ನ್ಯಾಯವಾದ ಪ್ರಶ್ನೆಯೇ. ಉತ್ತರ ಇಷ್ಟು. ಈ ರೋಗಿಗಳು ಬದುಕಿರುವುದೇ ಆ್ಯಂಟಿಬಯಾಟಿಕ್ ಔಷಧಿಗಳ ಬಲದಿಂದ. ಆ ಔಷಧಿಗಳಿಗೆ ಬ್ಯಾಕ್ಟೀರಿಯಗಳು ಹೇಗೆ ಒಂದೊಂದಾಗಿ ಬಗ್ಗದಂತಾಗುತ್ತವೆ ಎಂಬುದನ್ನು ಇವರ ಶ್ವಾಸಕೋಶದಲ್ಲಿ ವರ್ಷಾನುಗಟ್ಟಲೆ ಹಂತಹಂತವಾಗಿ ನೋಡಬಹುದು. ನಾಳೆ ನಮಗೆ ನಿಮಗೆ ಬರಬಹುದಾದ ಕಷ್ಟವನ್ನು ಇವರು ಇಂದೇ ಅನುಭವಿಸುತ್ತಿದ್ದಾರೆ.

ಕೆಟ್ಟುಹೋದ ಒಂದು ಬಾಗಿಲು

1938ರಲ್ಲಿ ನ್ಯೂಯಾರ್ಕಿನ ಮಕ್ಕಳ ಆಸ್ಪತ್ರೆಯೊಂದರಲ್ಲಿ ರೋಗಶಾಸ್ತ್ರಜ್ಞೆಯಾಗಿದ್ದ ಡೊರೊತಿ ಆಂಡರ್ಸನ್ ಈ ಕಾಯಿಲೆಯನ್ನು ಪ್ರತ್ಯೇಕವಾಗಿ ಗುರುತಿಸಿ ವಿವರಿಸಿದರು. ಸತ್ತ ಮಕ್ಕಳ ಮೇದೋಜೀರಕ ಗ್ರಂಥಿಯಲ್ಲಿ ನಾರುಗಟ್ಟಿದ ಅಂಗಾಂಶ ಮತ್ತು ಸಣ್ಣ ಸಣ್ಣ ಚೀಲಗಳು ಕಂಡುಬಂದುದರಿಂದ ಕಾಯಿಲೆಗೆ ಆ ಹೆಸರು ಬಂತು. ಹತ್ತು ವರ್ಷಗಳ ನಂತರ, 1948ರ ಬೇಸಿಗೆಯಲ್ಲಿ, ನ್ಯೂಯಾರ್ಕ್ ನಗರ ಬಿಸಿಲಿನ ಝಳಕ್ಕೆ ತತ್ತರಿಸಿತು. ಬಳಲಿ ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಈ ಕಾಯಿಲೆಯವರು ಎದ್ದು ಕಾಣುವಷ್ಟಿದ್ದರು. ಹೀಗೇಕೆ ಎಂದು ಹುಡುಕಿದ ಪಾಲ್ ಡಿ ಸಾಂಟ್ ಆ್ಯಗ್ನೀಸ್ ಎಂಬ ವೈದ್ಯರು, ಈ ಮಕ್ಕಳ ಬೆವರಿನಲ್ಲಿ ಉಪ್ಪಿನ ಅಂಶ ಮಿತಿಮೀರಿ ಇರುತ್ತದೆ ಎಂದು 1953ರಲ್ಲಿ ಪ್ರಕಟಿಸಿದರು. ಅಜ್ಜಿಯರ ಮಾತು ಪ್ರಯೋಗಾಲಯದಲ್ಲಿ ನಿಜವಾಯಿತು. ಇಂದಿಗೂ ಈ ರೋಗವನ್ನು ಪತ್ತೆಹಚ್ಚಲು ಮಾಡುವ ಮುಖ್ಯ ಪರೀಕ್ಷೆ ಬೆವರಿನ ಪರೀಕ್ಷೆಯೇ.

ಕಾರಣದ ಬೇರು ಸಿಕ್ಕಿದ್ದು 1989ರಲ್ಲಿ. ಕೆನಡಾದ ಟೊರೊಂಟೊದ ಲ್ಯಾಪ್‌ಚೀ ತ್ಸುಯಿ ಮತ್ತು ಜಾನ್ ರಿಯೊರ್ಡನ್, ಅಮೆರಿಕದ ಮಿಶಿಗನ್ನಿನ ಫ್ರಾನ್ಸಿಸ್ ಕಾಲಿನ್ಸ್ ಇವರ ತಂಡಗಳು ಮನುಷ್ಯನ ಏಳನೆಯ ವರ್ಣತಂತುವಿನಲ್ಲಿ ಈ ಕಾಯಿಲೆಗೆ ಸಂಬಂಧಿಸಿದ ಜೀನನ್ನು ಹುಡುಕಿ ತೆಗೆದವು. ಸಿ.ಎಫ್.ಟಿ.ಆರ್. ಎಂಬ ಪ್ರೋಟೀನನ್ನು ತಯಾರಿಸುವ ಸೂಚನೆ ಈ ಜೀನಿನಲ್ಲಿದೆ. ಅದು 1480 ಅಮೈನೋ ಆಮ್ಲಗಳ ಸರಪಣಿ. ಯೂರೋಪ್ ಮೂಲದ ರೋಗಿಗಳಲ್ಲಿ ಬಹುಮಂದಿಗೆ ಈ ಸರಪಣಿಯ 508ನೆಯ ಕೊಂಡಿ ಇರುವುದಿಲ್ಲ. ಒಂದು ಕೊಂಡಿ ಕಳಚಿದ್ದಕ್ಕೆ ಇಡೀ ಪ್ರೋಟೀನು ಸರಿಯಾಗಿ ಮಡಿಚಿಕೊಳ್ಳದೆ ಹಾಳಾಗುತ್ತದೆ. ಈ ಜೀನಿನಲ್ಲಿ ಇಂಥ 2000ಕ್ಕೂ ಹೆಚ್ಚು ಬಗೆಯ ವ್ಯತ್ಯಾಸಗಳನ್ನು ಈಗ ಗುರುತಿಸಲಾಗಿದೆ. ಅವುಗಳಲ್ಲಿ ಹಲವು ಕಾಯಿಲೆ ತರುವಂಥವು.

ಸಿ.ಎಫ್.ಟಿ.ಆರ್. ಮಾಡುವ ಕೆಲಸವೇನು? ಜೀವಕೋಶದ ಹೊರಪೊರೆಯಲ್ಲಿ ಅದೊಂದು ಪುಟ್ಟ ಬಾಗಿಲು. ಉಪ್ಪಿನ ಅರ್ಧಭಾಗವಾದ ಕ್ಲೋರೈಡ್ ಆ ಬಾಗಿಲಿನ ಮೂಲಕ ಹೋಗಿ ಬರುತ್ತದೆ. ಬೆವರಿನ ನಾಳದಲ್ಲಿ ಈ ಬಾಗಿಲು ಉಪ್ಪನ್ನು ದೇಹಕ್ಕೆ ಹಿಂದಕ್ಕೆ ಎಳೆದುಕೊಳ್ಳಲು ನೆರವಾಗುತ್ತದೆ. ಅದು ಕೆಟ್ಟರೆ ಉಪ್ಪು ಬೆವರಿನಲ್ಲೇ ಉಳಿಯುತ್ತದೆ. ಶ್ವಾಸನಾಳದಲ್ಲಿ ಕೆಲಸ ತಿರುಗುಮುರುಗು. ಅಲ್ಲಿ ಕ್ಲೋರೈಡ್ ಹೊರಕ್ಕೆ ಬರಬೇಕು. ಉಪ್ಪು ಹೋದ ಕಡೆ ನೀರೂ ಹೋಗುತ್ತದೆ. ಬಾಗಿಲು ತೆರೆಯದಿದ್ದರೆ ನೀರು ಬರುವುದಿಲ್ಲ. ಶ್ವಾಸನಾಳದ ಒಳಮೈಯಲ್ಲಿರುವ ಲೋಳೆ ಒಣಗಿ ಅಂಟಾಗುತ್ತದೆ.

ತಂದೆ ತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಬಂದರೆ ಮಾತ್ರ ಮಗುವಿಗೆ ಕಾಯಿಲೆ ಬರುತ್ತದೆ. ಒಂದು ಸರಿಯಾದ ಜೀನ್ ಇದ್ದರೂ ಸಾಕು, ಆ ವ್ಯಕ್ತಿ ಆರೋಗ್ಯವಾಗಿರುತ್ತಾನೆ. ಇಬ್ಬರೂ ಹೀಗೆ ಒಂದೊಂದು ದೋಷದ ಜೀನನ್ನು ಹೊತ್ತವರಾಗಿದ್ದರೆ ಪ್ರತಿ ಬಸುರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು.

ಗುಡಿಸಲಾಗದ ಪಾಕ

ಉಸಿರಾಡುವಾಗ ನಾವೆಲ್ಲರೂ ದೂಳನ್ನೂ ಬ್ಯಾಕ್ಟೀರಿಯಗಳನ್ನೂ ಒಳಗೆಳೆದುಕೊಳ್ಳುತ್ತೇವೆ. ಆದರೂ ನಮಗೆ ದಿನವೂ ಕಾಯಿಲೆಯಾಗುವುದಿಲ್ಲ. ಏಕೆಂದರೆ ಶ್ವಾಸನಾಳದಲ್ಲಿ ಒಂದು ಕಸ ಗುಡಿಸುವ ವ್ಯವಸ್ಥೆ ಇದೆ. ಲೋಳೆಯ ತೆಳುಪದರ ಕಸವನ್ನು ಹಿಡಿದಿಡುತ್ತದೆ. ಅದರ ಅಡಿಯಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮ ರೋಮಗಳು ಒಂದೇ ಸಮನೆ ಬಡಿಯುತ್ತಾ ಲೋಳೆಯನ್ನು ಗಂಟಲಿನತ್ತ ತಳ್ಳುತ್ತವೆ. ನಮಗರಿವಿಲ್ಲದೆಯೇ ನಾವು ಅದನ್ನು ನುಂಗಿಬಿಡುತ್ತೇವೆ.

ನೆಲದ ಮೇಲೆ ಚೆಲ್ಲಿದ ನೀರನ್ನು ಪೊರಕೆಯಿಂದ ಗುಡಿಸಿಬಿಡಬಹುದು. ಚೆಲ್ಲಿದ್ದು ಬೆಲ್ಲದ ಪಾಕವಾದರೆ? ಪೊರಕೆಯೇ ನೆಲಕ್ಕೆ ಅಂಟಿಕೊಳ್ಳುತ್ತದೆ. ಸಿಸ್ಟಿಕ್ ಫೈಬ್ರೋಸಿಸ್ ಇರುವವರ ಎದೆಯಲ್ಲಿ ಆಗುವುದು ಇದೇ. ರೋಮಗಳು ಸೋಲುತ್ತವೆ, ಕಫ ನಿಲ್ಲುತ್ತದೆ, ಕಫದಲ್ಲಿ ಸಿಕ್ಕಿಬಿದ್ದ ಬ್ಯಾಕ್ಟೀರಿಯಗಳು ಬೆಚ್ಚಗೆ ಬೆಳೆಯತೊಡಗುತ್ತವೆ. ಅವನ್ನು ಕೊಲ್ಲಲು ರಕ್ತದಿಂದ ಬಿಳಿ ಕಣಗಳು ಧಾವಿಸಿ ಬರುತ್ತವೆ. ಸತ್ತ ಬಿಳಿ ಕಣಗಳಿಂದ ಹೊರಬೀಳುವ ಡಿ.ಎನ್.ಎ. ಎಳೆಗಳು ಕಫವನ್ನು ಇನ್ನಷ್ಟು ಗಟ್ಟಿಯಾಗಿಸುತ್ತವೆ. ಅವು ಚೆಲ್ಲುವ ಕಿಣ್ವಗಳು ಶ್ವಾಸನಾಳದ ಗೋಡೆಯನ್ನೇ ತಿನ್ನುತ್ತವೆ. ಕಾವಲುಗಾರರಿಂದಲೇ ಮನೆ ಹಾಳಾಗುವ ಸ್ಥಿತಿ ಇದು. ಈ ರೋಗಿಗಳಲ್ಲಿ ಹೆಚ್ಚಿನವರ ಸಾವಿಗೆ ಕಾರಣ ಹೀಗೆ ನಿಧಾನವಾಗಿ ಕುಸಿಯುವ ಶ್ವಾಸಕೋಶ.

ಸರದಿಯಲ್ಲಿ ಬರುವ ರೋಗಾಣುಗಳು

ಎಳೆಯ ವಯಸ್ಸಿನಲ್ಲಿ ಮೊದಲು ಕಾಣಿಸಿಕೊಳ್ಳುವವು ಸಾಮಾನ್ಯವಾಗಿ ಸ್ಟೆಫಿಲೊಕಾಕಸ್ ಆರಿಯಸ್ ಮತ್ತು ಹಿಮೊಫಿಲಸ್ ಇನ್‌ಫ್ಲುಯೆಂಜೆ. ಬೆಳೆದಂತೆ ಇವುಗಳ ಜಾಗಕ್ಕೆ ಬರುವುದು ಸೂಡೋಮೊನಾಸ್ ಏರುಜಿನೋಸ. ಇದು ಮಣ್ಣು, ನಿಂತ ನೀರು, ಬಚ್ಚಲು, ನಲ್ಲಿಯ ಬಾಯಿ ಎಲ್ಲೆಡೆ ಇರುವ ಬ್ಯಾಕ್ಟೀರಿಯ. ಆರೋಗ್ಯವಂತರ ಶ್ವಾಸಕೋಶಕ್ಕೆ ಇದರಿಂದ ತೊಂದರೆ ಇಲ್ಲವೆಂದೇ ಹೇಳಬಹುದು. ಗಾಯದ ಪಟ್ಟಿಗಳನ್ನು ನೀಲಿ ಹಸಿರಾಗಿಸುತ್ತಿದ್ದ ಇದನ್ನು 1882ರಲ್ಲಿ ಫ್ರಾನ್ಸಿನ ಕಾರ್ಲ್ ಗೆಸಾರ್ ಬೇರ್ಪಡಿಸಿ ತೋರಿಸಿದರು. ಏರುಜಿನೋಸ ಎಂಬ ಹೆಸರಿನ ಮೂಲ ಲ್ಯಾಟಿನ್ ಭಾಷೆಯಲ್ಲಿ ತಾಮ್ರದ ಕಿಲುಬು ಎಂದರ್ಥ. ಹುಳಿ ತಗುಲಿದ ತಾಮ್ರದ ಚೊಂಬಿನ ಬಣ್ಣ ನೆನಪಿಸಿಕೊಳ್ಳಿ.

ಇನ್ನೊಂದು ಬರ್ಖೋಲ್ಡೇರಿಯ ಸೆಪೇಸಿಯ. 1950ರಲ್ಲಿ ಅಮೆರಿಕದ ಸಸ್ಯರೋಗ ವಿಜ್ಞಾನಿ ವಾಲ್ಟರ್ ಬರ್ಖೋಲ್ಡರ್ ಇದನ್ನು ಕಂಡದ್ದು ಕೊಳೆತ ಈರುಳ್ಳಿಯಲ್ಲಿ! ಈರುಳ್ಳಿಯನ್ನು ಕೊಳೆಸುವ ಈ ಬ್ಯಾಕ್ಟೀರಿಯ ಮತ್ತು ಅದರ ಬಳಗದವು ಸಿಸ್ಟಿಕ್ ಫೈಬ್ರೋಸಿಸ್ ರೋಗಿಯ ಎದೆಗೆ ಹೊಕ್ಕರೆ ಕೆಲವರಲ್ಲಿ ವಾರಗಳಲ್ಲೇ ಪ್ರಾಣಕ್ಕೆ ಎರವಾಗಬಹುದು. ಹಲವು ಆ್ಯಂಟಿಬಯಾಟಿಕ್‌ಗಳು ಹುಟ್ಟಿನಿಂದಲೇ ಇದಕ್ಕೆ ನಾಟುವುದಿಲ್ಲ.

ಔಷಧಿ ಏಕೆ ಸೋಲುತ್ತದೆ?

"ಆ ಮಾತ್ರೆ ನನ್ನ ಮೈಗೆ ಒಗ್ಗಿಹೋಗಿದೆ, ಈಗ ಕೆಲಸ ಮಾಡುವುದಿಲ್ಲ" ಎಂದು ಹಿರಿಯರು ಹೇಳುವುದನ್ನು ನೀವು ಕೇಳಿರಬಹುದು. ಆ್ಯಂಟಿಬಯಾಟಿಕ್‌ಗಳ ವಿಷಯದಲ್ಲಿ ಇದು ತಪ್ಪು. ಒಗ್ಗಿಕೊಳ್ಳುವುದು ಮನುಷ್ಯನ ಮೈ ಅಲ್ಲ, ಬ್ಯಾಕ್ಟೀರಿಯ. ಸೂಡೋಮೊನಾಸ್ ಈ ವಿದ್ಯೆಯಲ್ಲಿ ನಿಪುಣ. 2000ದಲ್ಲಿ ಅದರ ಸಂಪೂರ್ಣ ಜೀನೋಮ್ ಓದಿ ಮುಗಿದಾಗ ಸುಮಾರು 63 ಲಕ್ಷ ಅಕ್ಷರಗಳೂ 5,570 ಜೀನುಗಳೂ ಕಂಡುಬಂದವು. ಮನುಷ್ಯನಲ್ಲಿರುವುದು ಸುಮಾರು 20,000 ಜೀನು ಎಂಬುದನ್ನು ನೆನೆದರೆ, ಒಂದೇ ಕೋಶದ ಈ ಜೀವಿಯ ಬಂಡವಾಳ ಸಣ್ಣದೇನಲ್ಲ.

ಅದರ ರಕ್ಷಣೆಯನ್ನು ಹೀಗೆ ವಿಂಗಡಿಸಬಹುದು.

ಮೊದಲನೆಯದು, ಬಿಗಿಯಾದ ಹೊರಪೊರೆ. ಅನೇಕ ಔಷಧಿಗಳು ಒಳಗೆ ನುಸುಳುವುದೇ ಕಷ್ಟ. ಔಷಧಿ ನುಸುಳುವ ಕಿಂಡಿಯನ್ನು ಮುಚ್ಚಿಬಿಡುವ ತಳಿಗಳೂ ಇವೆ.

ಎರಡನೆಯದು, ಪಂಪು. ನುಸುಳಿದ ಔಷಧಿಯನ್ನು ಹಿಡಿದು ಹೊರಕ್ಕೆ ಎಸೆಯುವ ಪ್ರೋಟೀನು ಪಂಪುಗಳು ಅದರಲ್ಲಿವೆ. ಒಂದೇ ಪಂಪು ಹಲವು ಬಗೆಯ ಔಷಧಿಗಳನ್ನು ಹೊರಹಾಕಬಲ್ಲುದು.

ಮೂರನೆಯದು, ಕಿಣ್ವ. ಪೆನಿಸಿಲಿನ್ ಮತ್ತು ಅದರ ಬಳಗದ ಔಷಧಿಗಳನ್ನು ಕತ್ತರಿಸಿ ನಿರುಪಯುಕ್ತ ಮಾಡುವ ಬೀಟಾಲ್ಯಾಕ್ಟಮೇಸ್ ಎಂಬ ಕಿಣ್ವವನ್ನು ಅದು ತಯಾರಿಸುತ್ತದೆ.

ನಾಲ್ಕನೆಯದು, ಗುರಿಯ ಬದಲಾವಣೆ. ಸಿಪ್ರೊಫ್ಲಾಕ್ಸಸಿನ್ ಎಂಬ ಔಷಧಿ ಬ್ಯಾಕ್ಟೀರಿಯದ ಒಂದು ಕಿಣ್ವಕ್ಕೆ ಅಂಟಿಕೊಂಡು ಕೆಲಸ ಮಾಡುತ್ತದೆ. ಆ ಕಿಣ್ವದ ಆಕಾರ ಸ್ವಲ್ಪ ಬದಲಾದರೂ ಸಾಕು, ಕೀಲಿಕೈ ಬೀಗಕ್ಕೆ ಕೂರುವುದಿಲ್ಲ.

ಐದನೆಯದು ಈ ಕಾಯಿಲೆಯಲ್ಲಿ ಬಹಳ ಮುಖ್ಯ. ಅದೇ ಜೈವಿಕ ಪೊರೆ. ಮಳೆಗಾಲದಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕಾಲಿಟ್ಟರೆ ಜಾರುತ್ತದಲ್ಲವೆ? ಬೆಳಿಗ್ಗೆ ಎದ್ದಾಗ ಹಲ್ಲಿನ ಮೇಲೆ ನಾಲಿಗೆ ಆಡಿಸಿದರೆ ಒಂದು ಅಂಟು ತಗಲುತ್ತದಲ್ಲವೆ? ಇವೆರಡೂ ಸೂಕ್ಷ್ಮಜೀವಿಗಳು ಕಟ್ಟಿಕೊಂಡ ಜೈವಿಕ ಪೊರೆಗಳೇ. ರೋಗಿಯ ಶ್ವಾಸಕೋಶದಲ್ಲಿ ಸೂಡೋಮೊನಾಸ್ ಕೂಡ ಆಲ್ಜಿನೇಟ್ ಎಂಬ ಲೋಳೆಯನ್ನು ಸುರಿಸಿ ಅದರೊಳಗೆ ಗುಂಪುಗುಂಪಾಗಿ ಅಡಗಿ ಕೂರುತ್ತದೆ. ಅಲ್ಲಿ ಆಮ್ಲಜನಕ ಕಡಿಮೆ. ಒಳಗಿರುವವು ಬೆಳೆಯದೆ ಮಂಕಾಗಿ ಇರುತ್ತವೆ. ಬಹಳಷ್ಟು ಆ್ಯಂಟಿಬಯಾಟಿಕ್‌ಗಳು ಕೊಲ್ಲುವುದು ಚುರುಕಾಗಿ ಬೆಳೆಯುತ್ತಿರುವ ಬ್ಯಾಕ್ಟೀರಿಯಗಳನ್ನು. ಮಲಗಿರುವವು ಉಳಿದುಕೊಂಡು ಔಷಧಿ ನಿಂತ ಮೇಲೆ ಏಳುತ್ತವೆ. ಹೀಗಾಗಿ ಪ್ರಯೋಗಾಲಯದ ತಟ್ಟೆಯಲ್ಲಿ ಔಷಧಿಗೆ ಸತ್ತ ಬ್ಯಾಕ್ಟೀರಿಯ ರೋಗಿಯ ಎದೆಯಲ್ಲಿ ಸಾಯದೆ ಇರಬಹುದು. ಕಫದ ಪರೀಕ್ಷೆಯ ವರದಿಯೊಂದನ್ನೇ ನೆಚ್ಚಿ ಈ ರೋಗಿಗಳಿಗೆ ಔಷಧಿ ಆರಿಸುವುದು ವೈದ್ಯರಿಗೆ ಕಷ್ಟವಾಗುವುದು ಇದರಿಂದಲೇ.

ಬಗ್ಗದವು ಎಲ್ಲಿಂದ ಬರುತ್ತವೆ?

ದೀರ್ಘಕಾಲದ ಸೋಂಕಿರುವ ರೋಗಿಯ ಒಂದು ಮಿಲಿಲೀಟರ್ ಕಫದಲ್ಲಿ ಹತ್ತು ಕೋಟಿಯಷ್ಟು ಸೂಡೋಮೊನಾಸ್ ಇರುವುದುಂಟು. ಇವು ಒಂದು ಎರಡಾಗುವಾಗಲೆಲ್ಲ ಡಿ.ಎನ್.ಎ.ಯ ನಕಲು ತೆಗೆಯಬೇಕು. ನಕಲು ಮಾಡುವಾಗ ಅಲ್ಲೊಂದು ಇಲ್ಲೊಂದು ತಪ್ಪು ಆಗುತ್ತದೆ. ಇದನ್ನೇ ಉತ್ಪರಿವರ್ತನೆ ಎನ್ನುತ್ತೇವೆ. ಹೆಚ್ಚಿನ ತಪ್ಪುಗಳಿಂದ ಲಾಭವಿಲ್ಲ. ಆದರೆ ಕೋಟಿಗಳ ಲೆಕ್ಕದಲ್ಲಿ ಎಲ್ಲೋ ಒಂದೆರಡು ತಪ್ಪುಗಳು ಪಂಪನ್ನು ಚುರುಕು ಮಾಡಿರಬಹುದು, ಕಿಂಡಿಯನ್ನು ಮುಚ್ಚಿರಬಹುದು.

ಔಷಧಿ ಬಂದಾಗ ಉಳಿದವು ಸಾಯುತ್ತವೆ, ಇವು ಬದುಕುತ್ತವೆ. ಖಾಲಿಯಾದ ಜಾಗವೆಲ್ಲ ಇವುಗಳ ಸಂತಾನದ್ದು. ಗಮನಿಸಿ: ಬಹುಮಟ್ಟಿಗೆ ಔಷಧಿ ಬಗ್ಗದ ಬ್ಯಾಕ್ಟೀರಿಯವನ್ನು ಸೃಷ್ಟಿಸುವುದಿಲ್ಲ, ಆಗಲೇ ಇದ್ದುದನ್ನು ಆರಿಸಿ ಬೆಳೆಸುತ್ತದೆ. ಹತ್ತಿಗೆ ಒಂದೇ ಕೀಟನಾಶಕವನ್ನು ವರ್ಷವರ್ಷ ಹೊಡೆದ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ. ಡಾರ್ವಿನ್ ಹೇಳಿದ ನೈಸರ್ಗಿಕ ಆಯ್ಕೆ ಲಕ್ಷಾಂತರ ವರ್ಷಗಳ ಕಥೆ ಎಂದು ನಾವು ಪಠ್ಯಪುಸ್ತಕದಲ್ಲಿ ಓದುತ್ತೇವೆ. ಇಲ್ಲಿ ಅದು ಒಂದು ಮಗುವಿನ ಎದೆಯೊಳಗೆ ಕೆಲವೇ ವರ್ಷಗಳಲ್ಲಿ ನಡೆಯುತ್ತದೆ.

2000ದಲ್ಲಿ ಸ್ಪೇನಿನ ವಿಜ್ಞಾನಿಗಳು ಇನ್ನೊಂದು ವಿಚಿತ್ರವನ್ನು ವರದಿ ಮಾಡಿದರು. ಅವರು ಪರೀಕ್ಷಿಸಿದ 30 ರೋಗಿಗಳಲ್ಲಿ 11 ಮಂದಿಯ ಎದೆಯಲ್ಲಿ, ನಕಲಿನ ತಪ್ಪು ತಿದ್ದುವ ವ್ಯವಸ್ಥೆಯೇ ಕೆಟ್ಟಿರುವ ಸೂಡೋಮೊನಾಸ್ ತಳಿಗಳಿದ್ದವು. ತಪ್ಪು ತಿದ್ದದಿರುವುದು ಸಾಮಾನ್ಯವಾಗಿ ಜೀವಿಗೆ ನಷ್ಟ. ಆದರೆ ಮೇಲಿಂದ ಮೇಲೆ ಹೊಸ ಔಷಧಿಗಳು ಬೀಳುವ ಸ್ಥಳದಲ್ಲಿ ಹೆಚ್ಚು ತಪ್ಪು ಮಾಡುವುದೇ ಲಾಭವಾಯಿತು!

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಈ ರೋಗಿಗಳಲ್ಲಿ ಬಗ್ಗದ ಬ್ಯಾಕ್ಟೀರಿಯ ಬೆಳೆಯುವುದು ಅವರ ಅಥವಾ ವೈದ್ಯರ ಅಜಾಗರೂಕತೆಯಿಂದಲ್ಲ. ಔಷಧಿ ಕೊಡದಿದ್ದರೆ ಶ್ವಾಸಕೋಶ ಬೇಗ ಹಾಳಾಗುತ್ತದೆ. ಕೊಟ್ಟರೆ ಆಯ್ಕೆ ನಡೆಯುತ್ತದೆ. ಬೇರೆ ದಾರಿಯಿಲ್ಲದೆ ಅವರು ಈ ಬೆಲೆ ತೆರುತ್ತಾರೆ.

ಗೆಳೆಯರು ಭೇಟಿಯಾಗುವಂತಿಲ್ಲ

ಈ ಕಾಯಿಲೆಯ ಅತಿ ದುಃಖದ ಸಂಗತಿ ಬಹುಶಃ ಇದು. ಉತ್ತರ ಅಮೆರಿಕದಲ್ಲಿ ಸಿಸ್ಟಿಕ್ ಫೈಬ್ರೋಸಿಸ್ ಇರುವ ಮಕ್ಕಳಿಗಾಗಿ ಬೇಸಿಗೆ ಶಿಬಿರಗಳು ನಡೆಯುತ್ತಿದ್ದವು. ತಮ್ಮಂತೆಯೇ ಕೆಮ್ಮುವ, ತಮ್ಮಂತೆಯೇ ಮಾತ್ರೆ ನುಂಗುವ ಗೆಳೆಯರು ಅಲ್ಲಿ ಸಿಗುತ್ತಿದ್ದರು. ಬರ್ಖೋಲ್ಡೇರಿಯ ಒಬ್ಬರಿಂದ ಒಬ್ಬರಿಗೆ ಹರಡುತ್ತದೆ ಎಂದು ಖಚಿತವಾದ ಮೇಲೆ 1990ರ ದಶಕದಲ್ಲಿ ಆ ಶಿಬಿರಗಳು ಮುಚ್ಚಿದವು. 1996ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ, ಬೇರೆ ಬೇರೆ ಮನೆಗಳಿಂದ ಒಂದೇ ಕೇಂದ್ರಕ್ಕೆ ಚಿಕಿತ್ಸೆಗೆ ಬರುತ್ತಿದ್ದ ಹಲವು ಮಕ್ಕಳಲ್ಲಿ ಸೂಡೋಮೊನಾಸಿನ ಒಂದೇ ತಳಿ ಇರುವುದು ವರದಿಯಾಯಿತು. ಸೆಫ್ಟಾಜಿಡಿಮ್ ಎಂಬ ಮುಖ್ಯ ಔಷಧಿಗೆ ಅದು ಬಗ್ಗುತ್ತಿರಲಿಲ್ಲ. ಅಂದರೆ ಒಬ್ಬರ ಎದೆಯಲ್ಲಿ ಬೆಳೆದ ಬಗ್ಗದ ತಳಿ ಇನ್ನೊಬ್ಬರ ಎದೆಗೆ ಹೋಗುತ್ತಿತ್ತು. ಅಮೆರಿಕದ ಸಿಸ್ಟಿಕ್ ಫೈಬ್ರೋಸಿಸ್ ಫೌಂಡೇಶನ್ 2013ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ಪ್ರಕಾರ ಇಬ್ಬರು ರೋಗಿಗಳ ನಡುವೆ ಕನಿಷ್ಠ ಆರು ಅಡಿ ಅಂತರವಿರಬೇಕು. ಕೋವಿಡ್ ಕಾಲದಲ್ಲಿ ನಾವು ಕಲಿತ ಅಂತರ ಇವರಿಗೆ ಮೊದಲಿನಿಂದಲೂ ಇತ್ತು.

ಹಾಗಾದರೆ ದಾರಿ?

ದಾರಿಗಳು ಇವೆ. ಎದೆ ಬೆನ್ನು ತಟ್ಟಿ ಕಫ ಸಡಿಲಿಸುವ ಚಿಕಿತ್ಸೆ, ಗಾಢ ಉಪ್ಪುನೀರಿನ ಹಬೆಯನ್ನು ಎಳೆದುಕೊಳ್ಳುವುದು, ಕಫದ ಡಿ.ಎನ್.ಎ. ಎಳೆಗಳನ್ನು ಕತ್ತರಿಸುವ ಕಿಣ್ವ ಇವೆಲ್ಲ ರೋಗಿಯ ದಿನಚರಿಯ ಭಾಗ.

ಎರಡನೆಯ ದಾರಿ, ಬೇರೂರುವ ಮೊದಲೇ ಕೀಳುವುದು. ಡೆನ್ಮಾರ್ಕಿನ ಕೋಪನ್‌ಹೇಗನ್ ವೈದ್ಯರು 1991ರಲ್ಲಿ ಒಂದು ಸಣ್ಣ ಅಧ್ಯಯನ ಪ್ರಕಟಿಸಿದರು. ಕಫದಲ್ಲಿ ಸೂಡೋಮೊನಾಸ್ ಕಂಡಾಗಲೆಲ್ಲ ಕೂಡಲೇ ಕೊಲಿಸ್ಟಿನ್ ಔಷಧಿಯನ್ನು ಉಸಿರಿನ ಮೂಲಕವೂ ಸಿಪ್ರೊಫ್ಲಾಕ್ಸಸಿನ್ ಮಾತ್ರೆಯನ್ನೂ ಕೊಟ್ಟ 14 ರೋಗಿಗಳಲ್ಲಿ 27 ತಿಂಗಳಲ್ಲಿ ಇಬ್ಬರಿಗೆ ಮಾತ್ರ ಸೋಂಕು ನೆಲೆಯೂರಿತು. ಕೊಡದ 12 ಮಂದಿಯಲ್ಲಿ ಏಳು ಮಂದಿಗೆ ನೆಲೆಯೂರಿತು. ಕಫವನ್ನು ಆಗಾಗ ಪರೀಕ್ಷಿಸಿ ಮೊದಲ ಸುಳಿವಿಗೇ ಚಿಕಿತ್ಸೆ ಕೊಡುವುದು ಈಗ ಅನೇಕ ದೇಶಗಳ ಪದ್ಧತಿ. ಇದರ ಜೊತೆಗೆ ಟೊಬ್ರಮೈಸಿನ್ ಔಷಧಿಯನ್ನು ನೇರವಾಗಿ ಶ್ವಾಸಕೋಶಕ್ಕೆ ಎಳೆದುಕೊಳ್ಳುವ ರೂಪಕ್ಕೆ ಅಮೆರಿಕ 1997ರಲ್ಲಿ ಒಪ್ಪಿಗೆ ನೀಡಿತು.

ಮೂರನೆಯ ದಾರಿ, ಕೆಟ್ಟ ಬಾಗಿಲನ್ನೇ ಸರಿಪಡಿಸುವುದು. 2012ರಲ್ಲಿ ಐವಕಾಫ್ಟರ್, 2019ರಲ್ಲಿ ಮೂರು ಔಷಧಿಗಳನ್ನು ಕೂಡಿಸಿದ ಮಾತ್ರೆ ಅಮೆರಿಕದಲ್ಲಿ ಬಂದವು. ಅನೇಕ ರೋಗಿಗಳ ಕಫ ತೆಳುವಾಗಿ ಉಸಿರು ಹಗುರವಾಯಿತು. ಆದರೆ ಬಹುಕಾಲದಿಂದ ಬೀಡುಬಿಟ್ಟ ಸೂಡೋಮೊನಾಸ್ ಸಂಖ್ಯೆಯಲ್ಲಿ ಇಳಿದರೂ ಹಲವರಲ್ಲಿ ಪೂರ್ತಿ ತೊಲಗಿಲ್ಲ. ಜೊತೆಗೆ, 2019ರಲ್ಲಿ ಆ ಮಾತ್ರೆಯ ವಾರ್ಷಿಕ ಬೆಲೆ ಮೂರು ಲಕ್ಷ ಡಾಲರಿಗೂ ಮೇಲಿತ್ತು.

ನಾಲ್ಕನೆಯದು ಇನ್ನೂ ಪ್ರಯೋಗದ ಹಂತದಲ್ಲಿದೆ. ಬ್ಯಾಕ್ಟೀರಿಯವನ್ನೇ ತಿನ್ನುವ ವೈರಸ್‌ಗಳಿಗೆ ಫೇಜ್ ಎನ್ನುತ್ತಾರೆ. ಶ್ವಾಸಕೋಶದ ಕಸಿಯಾದ ಮೇಲೆ ಯಾವ ಔಷಧಿಗೂ ಬಗ್ಗದ ಮೈಕೊಬ್ಯಾಕ್ಟೀರಿಯದ ಸೋಂಕಿಗೆ ತುತ್ತಾದ ಇಂಗ್ಲೆಂಡಿನ 15 ವರ್ಷದ ಹುಡುಗಿಯೊಬ್ಬಳಿಗೆ ಮೂರು ಫೇಜ್‌ಗಳನ್ನು ಕೊಟ್ಟು ಸೋಂಕನ್ನು ಹತೋಟಿಗೆ ತಂದ ವರದಿ 2019ರಲ್ಲಿ ಪ್ರಕಟವಾಯಿತು. ಆ ಮೂರರಲ್ಲಿ ಒಂದು ಫೇಜ್ ಸಿಕ್ಕಿದ್ದು ದಕ್ಷಿಣ ಆಫ್ರಿಕದ ಡರ್ಬನ್ನಿನಲ್ಲಿ, ಕೊಳೆತ ಬದನೆಕಾಯಿಯ ತಳದಲ್ಲಿ. ಹುಡುಕಿದವಳು ಒಬ್ಬ ವಿದ್ಯಾರ್ಥಿನಿ. ಅದು ಮುಂದೊಂದು ದಿನ ಯಾರಿಗೆ ಉಪಯೋಗವಾದೀತೆಂದು ಆಗ ಅವಳಿಗೆ ಗೊತ್ತಿರಲಿಲ್ಲ.

ನಮ್ಮ ಪಾಲಿನ ಮಾತು

ಈ ಕಾಯಿಲೆ ಬಿಳಿಯರದು, ಭಾರತದಲ್ಲಿಲ್ಲ ಎಂದು ಬಹಳ ಕಾಲ ನಂಬಲಾಗಿತ್ತು. 1960ರ ದಶಕದಿಂದಲೇ ಭಾರತೀಯ ವೈದ್ಯರು ಇಲ್ಲಿನ ರೋಗಿಗಳ ಬಗ್ಗೆ ವರದಿ ಮಾಡಿದ್ದಾರೆ. ನಮ್ಮಲ್ಲಿ ಅಪರೂಪ ನಿಜ. ಆದರೆ ಕಂಡರೂ ಗುರುತಿಸದೆ ಹೋಗುವುದೇ ಹೆಚ್ಚು. ಮೇಲಿಂದ ಮೇಲೆ ನ್ಯುಮೋನಿಯ ಬರುವ, ತೂಕ ಏರದ ಮಗುವಿಗೆ ಕ್ಷಯವಿರಬಹುದೆಂದು ಚಿಕಿತ್ಸೆ ನಡೆದು ವರ್ಷಗಳು ಕಳೆದಿರುತ್ತವೆ. ಸೋದರಮಾವ, ಅತ್ತೆಯ ಮಗ ಎಂದು ರಕ್ತಸಂಬಂಧದಲ್ಲೇ ಮದುವೆ ನಡೆಯುವ ನಮ್ಮ ನಾಡಿನಲ್ಲಿ, ಇಬ್ಬರಿಂದಲೂ ಒಂದೇ ದೋಷದ ಜೀನ್ ಬರುವ ಸಾಧ್ಯತೆ ಹೆಚ್ಚು ಎಂಬುದನ್ನೂ ಮರೆಯುವಂತಿಲ್ಲ.

ಸಹೋದ್ಯೋಗಿಯ ಪ್ರಶ್ನೆಗೆ ಮರಳೋಣ. ಕೋಪನ್‌ಹೇಗನ್ನಿನ ಮಕ್ಕಳು ಉಸಿರಿನ ಮೂಲಕ ಎಳೆದುಕೊಂಡ ಕೊಲಿಸ್ಟಿನ್ ಬೇರೆ ಔಷಧಿಗಳು ಸೋತಾಗ ಬಳಸುವ ಕೊನೆಯ ಅಸ್ತ್ರಗಳಲ್ಲಿ ಒಂದು. ಅದೇ ಕೊಲಿಸ್ಟಿನ್ನನ್ನು ನಮ್ಮ ದೇಶದಲ್ಲಿ ಕೋಳಿಗಳು ಬೇಗ ಬಲಿಯಲಿ ಎಂದು ಮೇವಿಗೆ ಬೆರೆಸಲಾಗುತ್ತಿತ್ತು. 2019ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಅದರ ಬಳಕೆಯನ್ನು ನಿಷೇಧಿಸಿತು. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಎಚ್1 ಅನುಸೂಚಿಯ ಪ್ರಕಾರ ಮುಖ್ಯವಾದ ಹಲವು ಆ್ಯಂಟಿಬಯಾಟಿಕ್‌ಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಔಷಧಿ ಅಂಗಡಿಯವರು ರೋಗಿಯ ಮತ್ತು ವೈದ್ಯರ ಹೆಸರನ್ನು ಪುಸ್ತಕದಲ್ಲಿ ಬರೆದಿಡಬೇಕು. ಕಾನೂನು ಇದೆ. ಆದರೂ ನೆಗಡಿಗೆ ಎರಡು ಮಾತ್ರೆ ಕೇಳಿ ಪಡೆಯುವ ಅಭ್ಯಾಸ ನಮ್ಮನ್ನು ಬಿಟ್ಟಿಲ್ಲ. ನೆಗಡಿ ಬರುವುದು ವೈರಸ್‌ನಿಂದ. ಆ್ಯಂಟಿಬಯಾಟಿಕ್‌ಗೂ ವೈರಸ್‌ಗೂ ಸಂಬಂಧವೇ ಇಲ್ಲ. ನಾವು ನುಂಗಿದ ಮಾತ್ರೆ ಮಾಡುವ ಕೆಲಸ ಒಂದೇ: ನಮ್ಮ ಮೈಯಲ್ಲಿ ತೆಪ್ಪಗಿದ್ದ ಬ್ಯಾಕ್ಟೀರಿಯಗಳಲ್ಲಿ ಬಗ್ಗದವನ್ನು ಆರಿಸಿ ಬೆಳೆಸುವುದು.

ಔಷಧಿ ಬೇಕೇಬೇಕಾದವರು ಬಳಸಿದಾಗಲೂ ಅದರ ಶಕ್ತಿ ಸವೆಯುತ್ತದೆ. ಬೇಡದವರು ಬಳಸಿದಾಗ ಬೇಕಾದವರ ಪಾಲು ಸವೆಯುತ್ತದೆ. ಆದ್ದರಿಂದ ವೈದ್ಯರು ಬರೆದುಕೊಟ್ಟರೆ ಮಾತ್ರ, ಹೇಳಿದ ಪ್ರಮಾಣದಲ್ಲಿ, ಹೇಳಿದಷ್ಟು ದಿನ ತೆಗೆದುಕೊಳ್ಳಿ. ಮನೆಯ ಔಷಧಿ ಡಬ್ಬಿಯಲ್ಲಿ ಕಳೆದ ಸಲದ ಅರ್ಧ ಪಟ್ಟಿ ಮಾತ್ರೆ ಉಳಿದಿದ್ದರೆ, ಅದರ ಹಿಂದೆ ಕೆಂಪು ಗೆರೆ ಇದೆಯೇ ನೋಡಿ. ಇದ್ದರೆ, ವೈದ್ಯರ ಮಾತಿಲ್ಲದೆ ಅದನ್ನು ನುಂಗಬಾರದೆಂದು ಅರ್ಥ. ಇಂದು ಸಂಜೆಯೇ ಮನೆಯವರಿಗೆ ಅದನ್ನು ತೋರಿಸಿ ಹೇಳಿ.